ಮುಂದಿನವರು ಸಿಗುವ ತನಕ

ಆಳಂದದ ಆ ಹಳೆಯ ಕೋಣೆಯ ಹೊಸ್ತಿಲು ದಾಟಿದ ಕೂಡಲೇ ಮೂಗಿಗೆ ಬಡಿದದ್ದು ಕುಸುಬಿ ಎಣ್ಣೆಯಲ್ಲಿ ಕರಕಾದ ಬೆಳ್ಳುಳ್ಳಿಯ ವಾಸನೆ. ಅಡುಗೆಮನೆಯ ವಾಸನೆಯಲ್ಲ ಅದು, ಕಿವಿಯ ವಾಸನೆ. ಬೆಂಚಿನ ಮೇಲೆ ತಾಯಿಯ ತೊಡೆಯಲ್ಲಿ ಕೂತಿದ್ದ ಕೂಸಿನ ಎರಡೂ ಕಿವಿಗಳಿಂದ ಎಣ್ಣೆ ಇಳಿದು ಕುತ್ತಿಗೆಯ ತನಕ ಬಂದಿತ್ತು. ಕೂಸಿಗೆ ಕಿವಿ ಕೇಳದಿದ್ದರೆ ನಮ್ಮ ಕಡೆ ಮೊದಲು ಮಾಡುವ ಕೆಲಸ ಇದೇ: ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಬಿಡುವುದು. ಆಮೇಲೆ ಗಾಣಗಾಪುರದ ದೇವರಿಗೆ ಹರಕೆ, ಆಮೇಲೆ ಈ ಕೋಣೆಯಲ್ಲಿ ಕಿವಿ ಪರೀಕ್ಷಿಸುವ ನಾವು. ಸಂಬಂಧಿಕರ ಮದುವೆಗೆಂದು ಬಂದಿದ್ದೆ. ತಿರುಗಿ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು, ಸುಮ್ಮನೆ ಇಣುಕಿ ಹೋಗೋಣವೆಂದು ಈ ಕಡೆ ಕಾಲು ಹಾಕಿದೆ. ಒಳಗಿನ ಬಾಗಿಲು ಮುಚ್ಚಿತ್ತು, ಒಳಗೆ ಕೆಲಸ ನಡೆದಿತ್ತು. ಬೆಂಚಿನ ತುದಿಗೆ ಕೂತೆ. ಆ ವಾಸನೆಗೆ ಹಳೆಯ ದಣಿವೆಲ್ಲ ಮೈಗೆ ತಿರುಗಿ ಬಂತು.

ಆ ದಣಿವು ಒಂದು ಬೇಸಿಗೆಯದು. ಎಂಬತ್ತರ ದಶಕದ ಮೊದಲ ವರ್ಷಗಳು.

ನಾನು ಜೇವರ್ಗಿಯವಳು, ಪ್ರಾಥಮಿಕ ಶಾಲೆಯ ಮಾಸ್ತರರ ಮಗಳು. ಕಿವಿ ಕೇಳದವರಿಗೆ, ಮಾತು ಬಾರದವರಿಗೆ, ತೊದಲುವವರಿಗೆ ಅಂತಲೇ ಒಂದು ಓದು ಇದೆ, ಅದನ್ನು ಮೈಸೂರಿನಲ್ಲಿ ಕಲಿಸುತ್ತಾರೆ ಎಂಬುದು ಆಗ ನಮ್ಮ ಸೀಮೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆಳಂದದ ಬೇಳೆ ಮಿಲ್ಲಿನ ಸಾಹುಕಾರ ರೇವಣಸಿದ್ದಪ್ಪನವರಿಗೆ. ಅವರ ಮೊಮ್ಮಗಳಿಗೆ ಕಿವಿ ಕೇಳುತ್ತಿರಲಿಲ್ಲ. ಅವಳನ್ನು ಕರೆದುಕೊಂಡು ಅಷ್ಟು ದೂರ ಹೋಗಿ ಬಂದು ಸುಸ್ತಾದ ಸಾಹುಕಾರರು, ಇಲ್ಲೇ ಯಾಕೆ ಒಬ್ಬರು ಇರಬಾರದು ಎಂದು ಗೆಳೆಯರನ್ನು ಕೂಡಿಸಿ ಒಂದು ವಿದ್ಯಾರ್ಥಿವೇತನ ಶುರು ಮಾಡಿದರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಮಾತ್ರ. ಓದು, ಊಟ, ವಸತಿ, ರೈಲು ಎಲ್ಲ ಅವರದು. ಅದನ್ನು ಮೊದಲು ಪಡೆದವಳು ನಾನು.

ಕರಾರು ಒಂದೇ ಇತ್ತು. ಓದಿ ಬಂದವರು ಈ ಮೂರು ತಾಲ್ಲೂಕಿನಲ್ಲಿ ಕೆಲಸ ಮಾಡಬೇಕು, ಎಲ್ಲಿಯ ತನಕ ಎಂದರೆ ಮುಂದಿನವರನ್ನು ಹುಡುಕಿ ಅದೇ ಓದಿಗೆ ಕಳಿಸುವ ತನಕ. ಅವರು ಓದುವ ವರ್ಷಗಳಲ್ಲಿ ಇಲ್ಲಿ ಬಾಗಿಲು ಹಾಕಿರುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ ಸಾಹುಕಾರರು, ಹೊಲವನ್ನೂ ನಡುನಡುವೆ ಬೀಳು ಬಿಡುತ್ತೇವೆ, ಏನೂ ಆಗುವುದಿಲ್ಲ ಎಂದಿದ್ದರು. ಹದಿನೆಂಟರ ವಯಸ್ಸಿನಲ್ಲಿ ನನಗೆ ಆ ಕರಾರು ಏನೂ ಭಾರವೆನಿಸಿರಲಿಲ್ಲ. ಒಬ್ಬರನ್ನು ಹುಡುಕುವುದೇನು ಮಹಾ ಎಂದುಕೊಂಡಿದ್ದೆ.

ಹುಡುಕುತ್ತ ಹುಡುಕುತ್ತ ವರ್ಷಗಳು ಹೋದವು. ಕಿವಿ ಪರೀಕ್ಷಿಸುವ ಆಡಿಯೋಮೀಟರ್ ಎಂಬ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇವತ್ತು ಆಳಂದ, ನಾಳೆ ಅಫಜಲಪುರ, ಆಮೇಲೆ ಜೇವರ್ಗಿ ಎಂದು ಕೆಂಪು ಬಸ್ಸಿನಲ್ಲಿ ತಿರುಗುವುದು ನನ್ನ ಬಾಳಾಯಿತು. ಕೂಸಿಗಾದರೆ ಟಿಕೆಟ್ಟಿಲ್ಲ, ಪೆಟ್ಟಿಗೆಗೆ ತೆಗೆಯಬೇಕು ಎಂದು ಕಂಡಕ್ಟರುಗಳು ತಕರಾರು ತೆಗೆಯುತ್ತಿದ್ದರು. ಜೇವರ್ಗಿಯಲ್ಲಿ ನಮ್ಮ ಕೋಣೆ ವಿಜಾಪುರ ರಸ್ತೆಯ ಮೇಲೇ ಇತ್ತು. ಮಗುವಿನ ಕಿವಿಗೆ ಸಣ್ಣ ದನಿ ಕೊಡುವ ಹೊತ್ತಿಗೆ ಸರಿಯಾಗಿ ಲಾರಿ ಹಾಯುತ್ತಿತ್ತು. ಅಫಜಲಪುರದಲ್ಲಿ ಕರೆಂಟಿರುತ್ತಿರಲಿಲ್ಲ. ಆಳಂದದಲ್ಲಿ ಎಲ್ಲ ಸರಿ ಇದ್ದ ದಿನ ಮಗುವಿನ ಕಿವಿಯ ತುಂಬ ಎಣ್ಣೆ. ಒಳಗೆ ಏನೂ ಕಾಣದೆ, ಒರೆಸಿ, ಇನ್ನು ಎಣ್ಣೆ ಬಿಡಬೇಡಿ ಎಂದು ಹೇಳಿ ಮುಂದಿನ ವಾರ ಬರಲು ಹೇಳಿದರೆ ಮುಂದಿನ ವಾರ ಹೊಸ ಎಣ್ಣೆ ಹಾಕಿಕೊಂಡು ಬರುತ್ತಿದ್ದರು. ಸಿಟ್ಟು ಬರುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಆ ವರ್ಷ ಯುಗಾದಿಯ ಮುಂದೆ ಮೈಸೂರಿನಿಂದ ನನ್ನ ಗುರುಗಳು ಹೇಳಿ ಕಳಿಸಿದರು. ಮೇಲಿನ ಓದಿಗೆ ಈ ಮಳೆಗಾಲ ಸೀಟು ಸಿಗುತ್ತದೆ, ಈ ಸಲ ಬಾರದಿದ್ದರೆ ಮುಂದೆ ವಯಸ್ಸೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ ಎಂದು. ನಿಜ ಹೇಳುತ್ತೇನೆ, ನನಗೆ ಓದಿನ ಆಸೆಗಿಂತ ಆ ಪೆಟ್ಟಿಗೆ ಕೆಳಗಿಡುವ ಆಸೆಯೇ ದೊಡ್ಡದಿತ್ತು. ಸಾಹುಕಾರರ ಬಳಿ ಹೋಗಿ ಬಿಟ್ಟುಬಿಡಿ ಎಂದು ಕೇಳಿದೆ. ಅವರು ಮಿಲ್ಲಿನ ಗಾದಿಯ ಮೇಲೆ ಕೂತು ತೊಗರಿಯ ಮಾದರಿ ನೋಡುತ್ತಿದ್ದರು, ತಲೆ ಎತ್ತಲಿಲ್ಲ.

"ನಾ ಏನ್ ನಿನ್ನ ಹಗ್ಗ ಹಾಕಿ ಕಟ್ಟೇನೇನು ತಂಗಿ? ನಿನ್ನಂಥಾಕಿ ಒಬ್ಬಾಕಿನ ತಂದು ನಿಲ್ಲಸು, ಖುಷಿಲೆ ಹೋಗು" ಎಂದರು.

ನನ್ನಂಥವಳು ಎಲ್ಲಿದ್ದಳು? ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಓದಿದ ಹುಡುಗರಿಗೆ ಇಂಜಿನಿಯರಿಂಗ್ ಬೇಕು, ಹುಡುಗಿಯರಿಗೆ ಡಾಕ್ಟರಾಗಬೇಕು, ಇಲ್ಲವೇ ಮದುವೆ. ಮನೆಮನೆಗೆ ಹೋಗಿ ಕೇಳಿದೆ. ಮೂಗರ ಜೋಡಿ ಕೂತು ಏನು ಓದುತ್ತಾರೆ ಎಂದವರು ಕೆಲವರು. ಚಹಾ ಕುಡಿಸಿ, ಉಪಚಾರ ಮಾಡಿ, ಬಾಗಿಲ ತನಕ ಬಂದು ಕಳಿಸಿ, ಬೇಡ ಎಂದವರು ಹಲವರು. ಒಬ್ಬ ತಾಯಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಮಗಳು ಬಸುರಿಯಾದಾಗಲೂ ಆ ಮಕ್ಕಳ ಮುಖವನ್ನೇ ನೋಡುತ್ತ ಕೂತರೆ ಹುಟ್ಟುವ ಕೂಸೂ ಹಾಗೇ ಆದರೆ ಏನು ಮಾಡಲಿ ಎಂದು. ಹಾಗಾಗುವುದಿಲ್ಲ ಎಂದು ಹೇಳಿದೆ. ನಿನಗಿನ್ನೂ ಮಕ್ಕಳಾಗಿಲ್ಲವಲ್ಲ ಎಂದಳು. ಅದೂ ನಿಜವೇ ಆಗಿತ್ತು.

ಆಳಂದದ ಸಮೀಪದ ಹಳ್ಳಿ ಕಿಣ್ಣಿ ಸುಲ್ತಾನದ ಶಾಲೆಯಲ್ಲಿ ಮಕ್ಕಳ ಕಿವಿ ನೋಡಲು ಹೋದ ದಿನ ಜಗದೇವಿ ಸಿಕ್ಕಳು. ಅಂದು ಮಧ್ಯಾಹ್ನದ ಊಟ ನನಗೆ ಗುರುಲಿಂಗಪ್ಪ ಎಂಬ ರೈತರ ಮನೆಯಲ್ಲಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಬಡಿಸುತ್ತಿದ್ದ ಮಗಳು ಜಗದೇವಿ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಗಂಡಸಿನತ್ತ ತಿರುಗಿ ಹುಬ್ಬು ಎತ್ತಿ, ಎರಡು ಬೆರಳು ಆಡಿಸಿ, ಮೂಗು ಮುರಿದಳು. ಅವನು ಸದ್ದಿಲ್ಲದೆ ನಕ್ಕ. ಅವನು ಅವಳ ಅಣ್ಣ ಶರಣಪ್ಪ. ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತು ಬಂದಿರಲಿಲ್ಲ. ಇಪ್ಪತ್ತೈದರ ಆಸುಪಾಸಿನ ಆಳು, ಮನೆಯ ಒಕ್ಕಲುತನವೆಲ್ಲ ಅವನ ಕೈಯಲ್ಲಿ. ಪುಂಡಿ ಪಲ್ಯ ನನಗೆ ಹುಳಿಯಾಗಿದೆ ಎಂದು ತಂಗಿ ಅವನಿಗೆ ಚಾಡಿ ಹೇಳಿದ್ದಳು. ಅವಳು ಗುಲಬರ್ಗಾದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ವಿಜ್ಞಾನ ಮುಗಿಸಿ, ಮದುವೆಯ ದಾರಿ ನೋಡುತ್ತ ಮನೆಯಲ್ಲಿ ಕೂತಿದ್ದಾಳೆ ಎಂದು ತಿಳಿದಾಗ ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು.

ಜಗದೇವಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಅಡ್ಡ ನಿಂತವರು ಅವಳ ತಂದೆ ಗುರುಲಿಂಗಪ್ಪ. ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತಾಡುವವರು, ಅದಕ್ಕೇ ಅವರೊಂದಿಗೆ ಜಗಳ ತೆಗೆಯಲು ಬರುತ್ತಿರಲಿಲ್ಲ.

"ಹುಡುಗಿ ಇದೇ ಓದಾಕತ್ತಾಳ ಅಂದ್ರ ಮಂದಿ ಕೇಳ್ತಾರ್ರಿ ಅಕ್ಕೋರ, ನಿಮ್ಮ ಮನ್ಯಾಗ ಯಾರಿಗಿ ಏನಾಗ್ಯದ ಅಂತ. ಈಗರ ಜೇವರ್ಗಿ ಕಡೀಂದ ಒಂದು ಒಳ್ಳೆ ಸಂಬಂಧ ಬಂದದ" ಎಂದರು.

ಆ ಮನೆಯ ರೀತಿ ನನಗೆ ಗೊತ್ತಾದದ್ದು ಆಗ. ಹೆಣ್ಣು ನೋಡಲು ಬರುವವರಿದ್ದಾಗ ಪಡಸಾಲೆಯಲ್ಲಿ ಒಂದು ನೀಲಿ ಪಟ್ಟೆಯ ಜಮಖಾನ ಹಾಸುತ್ತಿದ್ದರು. ಅದು ಹಾಸಿದ ದಿನ ಶರಣಪ್ಪ ಮನೆಯಲ್ಲಿರುತ್ತಿರಲಿಲ್ಲ. ಮೊದಲೊಂದೆರಡು ಸಲ ತಂದೆಯೇ ಏನೋ ಕೆಲಸ ಹಚ್ಚಿ ಹೊಲಕ್ಕೆ ಕಳಿಸಿದ್ದರಂತೆ. ಆಮೇಲೆ ಕಳಿಸುವ ಕೆಲಸವೇ ಬೀಳಲಿಲ್ಲ. ಪೆಟ್ಟಿಗೆಯಿಂದ ಜಮಖಾನ ಹೊರಬಿತ್ತೆಂದರೆ ಅವನು ತಾನೇ ರೊಟ್ಟಿ ಬುತ್ತಿ ಕಟ್ಟಿಕೊಂಡು, ಬಾರುಕೋಲು ಹಿಡಿದು ಹೊರಡುತ್ತಿದ್ದ. ಅಷ್ಟು ಮಾಡಿಯೂ ಸಂಬಂಧಗಳು ಕೂಡಿ ಬಂದಿರಲಿಲ್ಲ. ಇದನ್ನು ನನಗೆ ಹೇಳಿದವಳು ಜಗದೇವಿಯ ತಾಯಿ, ನೆಲ ನೋಡುತ್ತ.

ನಾನು ಆ ಮನೆಗೆ ಸಾಕಷ್ಟು ಸಲ ಹೋದೆ. ಬಿಸಿಲಿಗೆ ಡಾಂಬರು ಮೆತ್ತಗಾಗುವ ದಿನಗಳು. ಗುರುಲಿಂಗಪ್ಪನವರು ಪ್ರತಿ ಸಲವೂ ಮಜ್ಜಿಗೆ ಕೊಡಿಸಿ, ವಿಚಾರ ಮಾಡುತ್ತೇನೆ ಎನ್ನುತ್ತಿದ್ದರು. ಒಂದು ದಿನ ತಾಯಿ ಒಳಗಿನಿಂದ ಬಂದು ನನ್ನ ಎದುರು ಕೂತರು.

"ನಮ್ಮ ಜಗದೇವಿ ಕಲತು ಬಂದ್ರ ಶರಣ್ಯಾ ಮಾತಾಡ್ತಾನೇನ್ರಿ ಅಕ್ಕೋರ?"

ಹ್ಞೂಂ ಎಂದಿದ್ದರೆ ಆ ದಿನವೇ ನನ್ನ ಕೆಲಸ ಮುಗಿಯುತ್ತಿತ್ತು. ಆ ತಾಯಿ ಗಂಡನನ್ನು ಒಪ್ಪಿಸದೆ ಬಿಡುತ್ತಿರಲಿಲ್ಲ. ಮೈಸೂರಿನ ಸೀಟು, ಬಸ್ಸು ಹತ್ತದ ಬೆಳಗು, ಎಲ್ಲ ಆ ಒಂದು ಮಾತಿನಾಚೆ ಇತ್ತು. ಬಾಯಿಗೆ ಬಂದದ್ದನ್ನು ಹಿಡಿದುಕೊಂಡೆ.

"ಇಲ್ಲವ್ವ. ಆ ವಯಸ್ಸು ದಾಟ್ಯದ. ಸಣ್ಣಂವಿದ್ದಾಗ ಯಾರರ ನೋಡಿದ್ರ ಏನರ ಆಗ್ತಿತ್ತು. ಆಗ ಇಲ್ಲಿ ಯಾರೂ ಇರಲಿಲ್ಲ" ಎಂದೆ.

ಯಾರೂ ಇರಲಿಲ್ಲ ಎಂದು ಆ ತಾಯಿ ತಮಗೆ ತಾವೇ ಅಂದುಕೊಂಡು ಎದ್ದು ಒಳಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮುಂದಿನ ವಾರ ಗುರುಲಿಂಗಪ್ಪನವರೇ ಆಳಂದಕ್ಕೆ ಬಂದು, ಕಳಿಸುತ್ತೇವೆ ಎಂದರು. ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತೆ, ಅಷ್ಟು ಹಗುರಾಗಿತ್ತು.

ಸಾಹುಕಾರರು ನನ್ನಿಂದಲೇ ಶುರು ಮಾಡಿದ ಒಂದು ಪದ್ಧತಿ ಇತ್ತು. ಬಸವ ಜಯಂತಿಯ ದಿನ ಮಿಲ್ಲಿನ ಅಂಗಳದಲ್ಲಿ ಪೆಂಡಾಲು ಹಾಕಿ, ವಿದ್ಯಾರ್ಥಿವೇತನ ಪಡೆದವರಿಗೆ ಶಾಲು ಹೊದಿಸುವುದು. ಒಬ್ಬರನ್ನೇ ನಿಲ್ಲಿಸುವುದಲ್ಲ, ಮನೆಮಂದಿಯನ್ನೆಲ್ಲ ಮೇಲೆ ಕರೆದು ನಿಲ್ಲಿಸುವುದು. ಕಳಿಸುವವರು ಮನೆಯವರು, ಹೋಗುವವರದೇನು ದೊಡ್ಡದು ಎನ್ನುತ್ತಿದ್ದರು. ಗುರುಲಿಂಗಪ್ಪನವರು ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡರು. ಆದರೆ ಇಲ್ಲ ಎನ್ನಲಿಲ್ಲ.

ಬಸವ ಜಯಂತಿಯ ದಿನ ಬೆಳಗಿನಿಂದಲೇ ಸೆಕೆ. ಹಾಡು ಮುಗಿದವು, ಭಾಷಣ ಮುಗಿದವು, ಸಾಹುಕಾರರು ಜಗದೇವಿಯ ಹೆಸರು ಕರೆದರು. ತಂದೆ, ತಾಯಿ, ಮಗಳು ಮೇಲೆ ಬಂದರು. ಹೊಸ ಸೀರೆಯಲ್ಲಿ ಜಗದೇವಿ ಜನರತ್ತ ನೋಡುತ್ತ ಯಾರನ್ನೋ ಹುಡುಕುತ್ತಿದ್ದಳು. ಸಾಹುಕಾರರು ಶಾಲು ಬಿಚ್ಚಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಮ್ಮ ಅಣ್ಣ ಬಂದಿಲ್ರಿ. ಅಂವಗ ಕಿವಿ ಕೇಳಂಗಿಲ್ಲ. ಅಂವ ಬಂದ ಮ್ಯಾಲೆ ಹೊದಸ್ರಿ" ಎಂದಳು.

ಮೈಕು ಅವಳ ಎದುರಿಗೇ ಇತ್ತು. ಅಂಗಳದ ಕೊನೆಯ ಸಾಲಿಗೂ ಕೇಳಿಸಿತು. ಜೇವರ್ಗಿಯ ಸಂಬಂಧದವರ ಪರಿಚಯದವರೂ ಅಲ್ಲಿದ್ದರು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತೊಗೊಳ್ಳಬಾರದೇ, ಅಣ್ಣನ ಮಾತು ಮನೆಗೆ ಹೋಗಿ ಆಡಬಾರದೇ ಎಂದು ಕೂಗಬೇಕೆನಿಸಿತು. ಸಾಹುಕಾರರು ಶಾಲನ್ನು ಮತ್ತೆ ಮಡಿಚಿದರು. ಗುರುಲಿಂಗಪ್ಪನವರು ಮಗಳ ಕೈ ಹಿಡಿದು ಕೆಳಗಿಳಿಸಿಕೊಂಡು ಹೋದರು.

ನಾನೂ ಅವರ ಹಿಂದೆಯೇ ಕಿಣ್ಣಿ ಸುಲ್ತಾನಕ್ಕೆ ಹೋದೆ. ದಾರಿಯುದ್ದಕ್ಕೂ ಗುರುಲಿಂಗಪ್ಪನವರದು ಒಂದೇ ಮಾತು, ನಾನು ಕಳಿಸಿಲ್ಲ, ಆಣೆ ಮಾಡಿ ಹೇಳುತ್ತೇನೆ, ನಾನು ಅವನನ್ನು ಎಲ್ಲಿಗೂ ಕಳಿಸಿಲ್ಲ ಎಂದು. ಮನೆ ಹೊಕ್ಕ ಮೇಲೆ ನಿಜ ತಿಳಿಯಿತು. ಪಡಸಾಲೆಯಲ್ಲಿ ನೀಲಿ ಪಟ್ಟೆಯ ಜಮಖಾನ ಹಾಸಿತ್ತು. ಸನ್ಮಾನ ಮುಗಿಸಿಕೊಂಡು ಬಂದಾಗ ಊರ ಹಿರಿಯರು ಬಂದು ಕೂತುಕೊಳ್ಳಲಿ ಎಂದು ತಾಯಿ ನಸುಕಿನಲ್ಲೇ ಹಾಸಿಟ್ಟಿದ್ದರು. ಹೊಸ ಬಟ್ಟೆಗಳನ್ನು ತೆಗೆದಿಟ್ಟಿದ್ದರು. ಅದನ್ನು ಕಂಡ ಶರಣಪ್ಪ ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದ. ಇವತ್ತಿನ ಜಮಖಾನ ಬೇರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಅಪ್ಪ ಕಳಸಿಲ್ಲ, ಖರೆ. ಕರದೂ ಇಲ್ಲ" ಎಂದಳು ಜಗದೇವಿ.

ಗುರುಲಿಂಗಪ್ಪನವರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಈ ಓದೂ ಬೇಡ, ಶಾಲೂ ಬೇಡ ಎಂದರು. ಜೇವರ್ಗಿಯ ಸಂಬಂಧದವರು ಮುಂದೆ ಬರುವುದಿಲ್ಲ ಎಂಬುದು ಯಾರೂ ಹೇಳದೆಯೇ ಎಲ್ಲರಿಗೂ ತಿಳಿದಿತ್ತು. ತಾಯಿ ಜಮಖಾನ ಸುತ್ತಿ ಒಳಗಿಟ್ಟರು. ನಾನು ಬಸ್ಸಿನಲ್ಲಿ ಅತ್ತೆ. ಅವರಿಗಾಗಿ ಅತ್ತೆನೋ ನನಗಾಗಿ ಅತ್ತೆನೋ ಎಂದು ಬಿಡಿಸಿ ನೋಡಲು ಆಗ ಪುರುಸೊತ್ತಿರಲಿಲ್ಲ.

ಕೆಲವು ದಿನ ಬಿಟ್ಟು ಆಳಂದದ ಸಂತೆ. ನಾನು ಮಿಲ್ಲಿಗೆ ಹೋಗಿ, ಇನ್ನು ನನ್ನಿಂದ ಹುಡುಕಲು ಆಗುವುದಿಲ್ಲ, ನನ್ನ ಹಣೆಯಲ್ಲಿ ಬಸ್ಸೇ ಬರೆದಿದ್ದರೆ ಬಸ್ಸೇ ಇರಲಿ ಎಂದು ಸಾಹುಕಾರರಿಗೆ ಹೇಳುತ್ತ ನಿಂತಿದ್ದೆ. ಬಾಗಿಲಲ್ಲಿ ಶರಣಪ್ಪ ಕಂಡ. ಬಿಳಿ ಧೋತರ, ಅಂಗಿ, ತಲೆಗೆ ರುಮಾಲು. ಬಸವ ಜಯಂತಿಗೆಂದು ಅವನಿಗೂ ತಾಯಿ ಹೊಲಿಸಿದ್ದ ಬಟ್ಟೆ ಅದು, ಅಂದು ಹಾಗೇ ಉಳಿದುಹೋಗಿತ್ತು. ಸಂತೆಯ ಜನರನ್ನೆಲ್ಲ ದಾಟಿಕೊಂಡು ಒಬ್ಬನೇ ನಡೆದು ಬಂದಿದ್ದ. ಹೊಲದ ದಾರಿ ಬಿಟ್ಟರೆ ಬೇರೆ ದಾರಿಯಲ್ಲಿ ಅವನು ಒಬ್ಬನೇ ನಡೆದದ್ದನ್ನು ಯಾರೂ ಕಂಡಿರಲಿಲ್ಲ.

ಅವನು ಸಾಹುಕಾರರ ಎದುರು ನಿಂತು ತನ್ನ ಕಿವಿ ಮುಟ್ಟಿಕೊಂಡು ಕೈ ಅಲ್ಲಾಡಿಸಿದ. ಎದೆಯ ಮಟ್ಟಕ್ಕೆ ಅಂಗೈ ಹಿಡಿದು ತಂಗಿಯ ಎತ್ತರ ತೋರಿಸಿದ. ಆಮೇಲೆ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಕೈ ಎಳೆದು, ಶಾಲು ಹೊದ್ದ ಹಾಗೆ ಮಾಡಿ, ಅಂಗೈ ಚಾಚಿದ.

"ಏನಂತಾನ?" ಎಂದು ಸಾಹುಕಾರರು ನನ್ನನ್ನು ಕೇಳಿದರು.

"ತಂಗಿ ಶಾಲು ಒಯ್ಯಾಕ ಬಂದಾನ್ರಿ" ಎಂದೆ.

ಸಾಹುಕಾರರು ಗಾದಿಯಿಂದ ಎದ್ದರು. ಕಪಾಟಿನಿಂದ ಶಾಲು ತೆಗೆದು ಅವನ ಅಂಗೈಗೆ ಇಡಹೋದವರು, ಏನನ್ನಿಸಿತೋ, ಬಿಚ್ಚಿ ಅವನ ಹೆಗಲ ಮೇಲೇ ಹೊದಿಸಿದರು. ಶರಣಪ್ಪ ತಕ್ಷಣ ಅದನ್ನು ತೆಗೆದು, ನೀಟಾಗಿ ಮಡಿಚಿ ಕಂಕುಳಲ್ಲಿಟ್ಟುಕೊಂಡ. ಅದು ಅವನದಲ್ಲ. ಕೈ ಮುಗಿದು ಹೊರಟ. ನಾನೂ ಅವನ ಹಿಂದೆ ನಡೆದೆ.

ಮನೆಯಲ್ಲಿ ಗುರುಲಿಂಗಪ್ಪನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಶರಣಪ್ಪ ಅವರನ್ನು ನೋಡಲಿಲ್ಲ. ನೇರ ಒಳಗೆ ಹೋಗಿ ಜಮಖಾನದ ಸುರುಳಿ ಹೊತ್ತು ತಂದು, ಪಡಸಾಲೆಯ ನಡುವೆ ತಾನೇ ಹಾಸಿದ. ಮೂಲೆಗಳನ್ನು ಎಳೆದು ಸರಿ ಮಾಡಿದ. ತಂಗಿಯನ್ನು ಕೈ ಹಿಡಿದು ತಂದು ಅದರ ಮೇಲೆ ಕೂಡಿಸಿ, ಶಾಲು ಹೊದಿಸಿದ. ಆಮೇಲೆ ಅವಳ ಮಗ್ಗುಲಲ್ಲಿ, ಅದೇ ಜಮಖಾನದ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು ತಾನೂ ಕೂತ. ಕೂತು ತಂದೆಯ ಮುಖ ನೋಡಿದ. ಏಳುವ ಲಕ್ಷಣ ಕಾಣಲಿಲ್ಲ.

ಗುರುಲಿಂಗಪ್ಪನವರು ಅಕ್ಕೋರಿಗೆ ಊಟಕ್ಕೆ ಹಾಕಿ ಎಂದು ಒಳಗೆ ಕೂಗಿ ಹೇಳಿದರು. ತಾಯಿ ತಾಟು ತಂದದ್ದು ಪಡಸಾಲೆಗೇ. ಎಲ್ಲರೂ ಆ ಜಮಖಾನದ ಮೇಲೆ ಕೂತು ಉಂಡೆವು.

ಮುಂಗಾರಿನ ಮೊದಲ ಮಿರಗದ ಮಳೆ ಬಿದ್ದ ಮೇಲೆ ಗುಲಬರ್ಗಾದಲ್ಲಿ ಜಗದೇವಿ ರೈಲು ಹತ್ತಿದಳು. ಅದೇ ಡಬ್ಬಿಯಲ್ಲಿ ನಾನೂ ಇದ್ದೆ. ನಮ್ಮಿಬ್ಬರ ಟ್ರಂಕುಗಳನ್ನು ಏರಿಸಿಕೊಟ್ಟವನು ಶರಣಪ್ಪ. ರೈಲು ಬಿಡುವಾಗ ಅವನು ಭುಜದ ಮೇಲೆ ಕೈ ಎಳೆದು ಶಾಲಿನ ಸನ್ನೆ ಮಾಡಿ ತಂಗಿಯನ್ನು ನಗಿಸಿದ. ನಾನು ದಾರಿಯುದ್ದಕ್ಕೂ ಮಲಗಿದ್ದೆ.

ಬೆಂಚಿನ ಮೇಲೆ ಕೂತು ಇಷ್ಟು ನೆನಪಾಗುವ ಹೊತ್ತಿಗೆ ಒಳಗಿನ ಬಾಗಿಲು ತೆರೆಯಿತು. ಜಗದೇವಿ ಹೊರಗೆ ಬಂದಳು. ಕೂದಲು ನರೆತಿದೆ, ಕನ್ನಡಕ ಬಂದಿದೆ. ಓದಿ ತಿರುಗಿ ಬಂದವಳು ಇಲ್ಲೇ ಇದ್ದಾಳೆ. ಅಫಜಲಪುರದ ಮಾಸ್ತರರೊಬ್ಬರನ್ನು ಮದುವೆಯಾದಳು. ಅವರು ಹೆಣ್ಣು ನೋಡಲು ಬಂದ ದಿನ ಜಮಖಾನ ಹಾಸಿ ಎದುರು ಕೂತವನು ಶರಣಪ್ಪನಂತೆ. ಸಾಹುಕಾರರು ತೀರಿಕೊಂಡರು. ವಿದ್ಯಾರ್ಥಿವೇತನ ಮಾತ್ರ ಇನ್ನೂ ಇದೆ, ಅವರ ಮಕ್ಕಳು ನಿಲ್ಲಿಸಿಲ್ಲ. ಕೇಳಿಕೊಂಡು ಬರುವವರಿಲ್ಲ. ಜಗದೇವಿಯ ನಂತರ ಯಾರೂ ಶಾಲು ಹೊದ್ದಿಲ್ಲ.

ನಾನು ಮೇಲಿನ ಓದು ಓದಿದೆ, ದೊಡ್ಡ ಊರಿನಲ್ಲಿ ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೆಲಸ ಮಾಡಿದೆ. ಅವಳು ಅದೇ ಮೂರು ಊರು, ಅದೇ ರಸ್ತೆ. ಪೆಟ್ಟಿಗೆ ಹೊಸದು, ಸ್ವಲ್ಪ ಹಗುರ. ನಾಳೆ ಜೇವರ್ಗಿಗೆ ಹೋಗಬೇಕು ಎಂದು ಹೇಳುತ್ತ ಬೆಂಚಿನ ಮೇಲೆ ನನ್ನ ಪಕ್ಕ ಕುಸಿದು ಕೂತಳು. ಆ ಕೂರುವ ರೀತಿ ನನಗೆ ಗೊತ್ತು.

"ಸಾಕಾಗ್ಯದ್ರಿ ಅಕ್ಕೋರ" ಎಂದಳು, ನಗುತ್ತಲೇ.

ಒಳಗಿನಿಂದ ಶರಣಪ್ಪ ನೀರು ತಂದುಕೊಟ್ಟ. ಈಗ ಅವನು ವಾರದ ಸಂತೆಗೆ ಬಂದಾಗಲೆಲ್ಲ ಇಲ್ಲಿ ಬಂದು ಕೂರುತ್ತಾನಂತೆ. ನನ್ನನ್ನು ಗುರುತು ಹಿಡಿದು ಕಣ್ಣರಳಿಸಿದ. ಆಮೇಲೆ ತಂಗಿಯ ದಣಿದ ಮುಖವನ್ನು ಒಮ್ಮೆ ನೋಡಿ, ನನ್ನತ್ತ ತಿರುಗಿ, ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಮೆಲ್ಲಗೆ ಕೈ ಎಳೆದ. ಅಂಗೈ ಮೇಲೆ ಮಾಡಿ, ಹುಬ್ಬು ಎತ್ತಿದ. ಮುಂದೆ ಯಾರು ಎಂದು.

ಯಾರೂ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವನು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು, ತಂಗಿಯ ಹೆಗಲ ಮೇಲೆ ಇಟ್ಟ.